ಹಾಸನದಿಂದ ಒಂದು ಬಹಿರಂಗ ಪತ್ರ: ನಾವಿಕ್ ಹೇಗಿದೆ ಅಂತ ನಮಗೂ ಹೇಳಿ

ಇಸ್ರೋ ಅಧ್ಯಕ್ಷರಿಗೆ, ಬಾಹ್ಯಾಕಾಶ ಇಲಾಖೆಯ ಹಿರಿಯರಿಗೆ, ರಕ್ಷಣಾ ಸಚಿವಾಲಯದಲ್ಲಿ ಈ ಕೆಲಸ ನೋಡ್ಕೊಳ್ಳೋ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಹಾಸನದಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡೋಳು. ಸಾಲಗಾಮೆ ರೋಡಲ್ಲಿರೋ ನಿಮ್ಮ ಸ್ಯಾಟಲೈಟ್ ನಿಯಂತ್ರಣ ಕೇಂದ್ರ ಎಂಸಿಎಫ್‌ನ ಆಂಟೆನಾಗಳನ್ನ ನೋಡ್ಕೊಂಡೇ ಬೆಳೆದವಳು. ಚಿಕ್ಕವಳಿದ್ದಾಗ ಅಪ್ಪ ಆ ಕಡೆ ಹೋದಾಗೆಲ್ಲ ಸ್ಕೂಟರ್ ಸ್ಲೋ ಮಾಡಿ "ನೋಡು ಮಗಾ, ಆಕಾಶದಲ್ಲಿರೋ ಸ್ಯಾಟಲೈಟ್‌ನ ಇಲ್ಲಿಂದ ತಿರುಗಿಸ್ತಾರೆ" ಅಂತಿದ್ರು, ಹೇಗೆ ತಿರುಗಿಸ್ತಾರೆ ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ, ಆದ್ರೆ ನಮ್ಮೂರಲ್ಲಿ ಏನೋ ದೊಡ್ಡ ಕೆಲಸ ನಡೀತಿದೆ ಅನ್ನೋ ಹೆಮ್ಮೆ ಮಾತ್ರ ಇಬ್ಬರಿಗೂ ಇತ್ತು. ನಾನು ಫಿಸಿಕ್ಸ್ ತಗೊಂಡಿದ್ದಕ್ಕೆ ಅದೂ ಒಂದು ಕಾರಣ. ಈ ಪತ್ರ ನಾವಿಕ್ ಬಗ್ಗೆ, ಅಂದ್ರೆ ಜಿಪಿಎಸ್ ಥರ ಜಾಗ ತೋರಿಸೋ ನಮ್ಮ ದೇಶದ ಸ್ವಂತ ಸ್ಯಾಟಲೈಟ್ ವ್ಯವಸ್ಥೆ ಬಗ್ಗೆ. ನಿಮ್ಮನ್ನ ಬೈಯೋಕೆ ಬರೀತಿಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ.

ಹೋದ ಅಕ್ಟೋಬರ್‌ನಲ್ಲಿ ಮಳೆ ಬಿಟ್ಟ ಮೇಲೆ ಒಂದು ಮಧ್ಯಾಹ್ನ ಸೆಕೆಂಡ್ ಪಿಯು ಮಕ್ಕಳನ್ನ ಕಾಲೇಜಿನ ತಾರಸಿಗೆ ಕರ್ಕೊಂಡು ಹೋಗಿದ್ದೆ. ಫೋನಲ್ಲಿ ಒಂದು ಆಪ್ ಹಾಕೊಂಡ್ರೆ ಈ ಕ್ಷಣ ತಲೆ ಮೇಲೆ ಯಾವ ಯಾವ ದೇಶದ ನ್ಯಾವಿಗೇಶನ್ ಸ್ಯಾಟಲೈಟ್ ಇದೆ ಅಂತ ಬಾವುಟದ ಗುರುತಿನ ಜೊತೆ ತೋರಿಸುತ್ತೆ, ಅದನ್ನ ಮಾಡಿಸೋಣ ಅಂತ. ಅಮೆರಿಕದ ಬಾವುಟ ಸಾಲಾಗಿ ಬಂತು, ರಷ್ಯಾದ್ದು ಬಂತು, ಚೀನಾದ್ದು ಎಲ್ಲರಿಗಿಂತ ಜಾಸ್ತಿ ಬಂತು. ನಮ್ಮ ಬಾವುಟ ಒಂದಿಬ್ಬರ ಫೋನಲ್ಲಿ ಮಾತ್ರ ಕಾಣಿಸ್ತು, ಅದೂ ಲೆಕ್ಕಕ್ಕೆ ಸಿಗೋಷ್ಟು. ಫೋನಿನ ಚಿಪ್‌ಗೆ ನಾವಿಕ್ ಗೊತ್ತಿಲ್ಲದೆ ಹೋದ್ರೆ ಬರಲ್ಲ ಅಂತ ವಿವರಿಸ್ತಿದ್ದೆ, ಅಷ್ಟರಲ್ಲಿ ಹಿಂದೆ ನಿಂತಿದ್ದ ಒಬ್ಬ ಹುಡುಗ ಕೇಳಿದ: "ಮಿಸ್, ಜಾಗ ಗೊತ್ತಾಗ್ಬೇಕಂದ್ರೆ ನಾಲ್ಕು ಸ್ಯಾಟಲೈಟ್ ಬೇಕೇ ಬೇಕು ಅಂತ ನೀವೇ ಹೇಳಿದ್ರಿ, ನಮ್ದು ಕೆಲಸ ಮಾಡ್ತಿರೋದೇ ನಾಲ್ಕು ಅಂತ ಪೇಪರಲ್ಲಿ ಬಂದಿತ್ತು, ಅದ್ರಲ್ಲಿ ಒಂದು ಕೆಟ್ಟೋದ್ರೆ?" ಪಕ್ಕದಲ್ಲಿ ನಿಂತಿದ್ದ ಹುಡುಗಿಯ ಅಣ್ಣ ಸೈನ್ಯದಲ್ಲಿದ್ದಾನೆ. ಅವಳು ಏನೂ ಕೇಳಲಿಲ್ಲ, ನನ್ನ ಮುಖಾನೇ ನೋಡ್ತಿದ್ಲು.

ನಾನು ಆವತ್ತು ಕೊಟ್ಟ ಉತ್ತರ ನನಗೇ ಸಮಾಧಾನ ಆಗಲಿಲ್ಲ. ಅದಕ್ಕೇ ಈ ಪತ್ರ.

ಓದ್ತಿರೋ ಉಳಿದವರಿಗೋಸ್ಕರ ಸ್ವಲ್ಪ ಹಿಂದಿನಿಂದ ಹೇಳ್ತೀನಿ, ನಿಮಗೆ ಗೊತ್ತಿರೋದೇ, ದಯವಿಟ್ಟು ಸಹಿಸ್ಕೊಳ್ಳಿ. ನಾವು ಊಟ ತರಿಸೋಕೆ, ಆಟೋ ಕರೆಯೋಕೆ ಬಳಸೋ ಈ ಜಿಪಿಎಸ್ ಹುಟ್ಟಿದ್ದೇ ಮಿಲಿಟರಿಗೋಸ್ಕರ. ಅದಕ್ಕೂ ಮುಂಚೆ 1960ರ ದಶಕದಲ್ಲೇ ಅಮೆರಿಕದ ನೌಕಾಪಡೆ ಟ್ರಾನ್ಸಿಟ್ ಅಂತ ಒಂದು ವ್ಯವಸ್ಥೆ ಮಾಡ್ಕೊಂಡಿತ್ತು, ಕ್ಷಿಪಣಿ ಹೊತ್ತ ಸಬ್‌ಮರೀನ್‌ಗಳಿಗೆ ತಾವು ಸಮುದ್ರದಲ್ಲಿ ಎಲ್ಲಿದ್ದೀವಿ ಅಂತ ಖಚಿತವಾಗಿ ಗೊತ್ತಾಗ್ಬೇಕಿತ್ತು. ಜಿಪಿಎಸ್‌ನ ಮೊದಲ ಸ್ಯಾಟಲೈಟ್ ಹೋಗಿದ್ದು 1978ರ ಫೆಬ್ರವರಿಯಲ್ಲಿ. ಇವತ್ತಿಗೂ ಅದನ್ನ ನಡೆಸೋದು ಅಲ್ಲಿನ ಸೈನ್ಯದವರೇ, ಕೊಲರಾಡೋದ ಒಂದು ನೆಲೆಯಲ್ಲಿ ಕೂತು. ನಮ್ಮಂಥ ಸಾಮಾನ್ಯರಿಗೆ ಬಿಡೋ ಸಿಗ್ನಲ್‌ನ 2000ನೇ ಇಸವಿ ಮೇ ತಿಂಗಳವರೆಗೂ ಅವರು ಬೇಕಂತಲೇ ಕೆಡಿಸಿ ಬಿಡ್ತಿದ್ರು, ಸುಮಾರು ನೂರು ಮೀಟರ್ ಆಚೀಚೆ ತೋರಿಸೋ ಹಾಗೆ. ಕಾರ್ಗಿಲ್ ಯುದ್ಧ ನಡೆದದ್ದು 1999ರಲ್ಲಿ. ಆಗ ಅಮೆರಿಕದವರನ್ನ ಕೇಳಿದ್ವಿ, ಕೊಡಲಿಲ್ಲ ಅಂತ ಒಂದು ಕಥೆ ಎಲ್ಲ ಕಡೆ ಓಡಾಡುತ್ತೆ, ಆ ಕಥೆ ನನ್ನ ವಾದಕ್ಕೆ ಬೇಕಾಗೇ ಇಲ್ಲ. ಆ ವರ್ಷ ಭೂಮಿ ಮೇಲೆ ಯಾರೇ ಒಂದು ಸಾಮಾನ್ಯ ಜಿಪಿಎಸ್ ರಿಸೀವರ್ ಹಿಡ್ಕೊಂಡಿದ್ರೂ ಅವರ ಜಾಗ ಬೇರೆ ದೇಶದ ಒಂದು ಆಫೀಸಿನ ಇಷ್ಟದ ಮೇಲೆ ನೂರು ಮೀಟರ್ ಪಕ್ಕಕ್ಕೆ ಸರೀತಿತ್ತು. ಬೆಟ್ಟದ ಏಣಿನ ಮೇಲೆ ನೂರು ಮೀಟರ್ ಅಂದ್ರೆ ಈ ಕಣಿವೆ ಅಲ್ಲ, ಆ ಕಣಿವೆ. ನಮಗೆ ನಮ್ಮದೇ ಬೇಕು ಅನ್ನೋಕೆ ಇಷ್ಟು ಸಾಕು.

ಹಾಗೆ ಬಂದಿದ್ದು ನಾವಿಕ್. 2006ರಲ್ಲಿ ಸರ್ಕಾರದ ಒಪ್ಪಿಗೆ, 1,420 ಕೋಟಿ ರೂಪಾಯಿ, ಏಳು ಸ್ಯಾಟಲೈಟ್. ಇದರ ಡಿಸೈನ್ ಬಗ್ಗೆ ನನಗೆ ನಿಜವಾಗ್ಲೂ ಗೌರವ ಇದೆ, ಪಾಠ ಮಾಡುವಾಗ ಪ್ರತಿ ಸಲ ಖುಷಿ ಆಗುತ್ತೆ. ಅಮೆರಿಕದವರಿಗೆ ಇಡೀ ಭೂಮಿ ಬೇಕಿತ್ತು, ಅದಕ್ಕೆ ಅವರು 20,200 ಕಿ.ಮೀ. ಎತ್ತರದಲ್ಲಿ ಸುತ್ತೋ 24 ಸ್ಯಾಟಲೈಟಿನ ಜಾಲ ಹೆಣೆದ್ರು. ಅವನ್ನ ಕಾಯೋಕೆ ಹವಾಯಿ, ಅಸೆನ್ಷನ್ ದ್ವೀಪ, ಡಿಯಾಗೋ ಗಾರ್ಸಿಯಾ ಅಂತ ಪ್ರಪಂಚದ ಸುತ್ತ ಸ್ಟೇಷನ್ ಇಡ್ಬೇಕಾಯ್ತು, ಯಾಕಂದ್ರೆ ಅವರ ಸ್ಯಾಟಲೈಟ್ ದಿನಕ್ಕೆ ಎರಡು ಸಲ ಭೂಮಿ ಸುತ್ತಿ ಅವರ ದೇಶದಿಂದ ಮರೆಯಾಗುತ್ತೆ. ನಮಗೆ ಬೇಕಿದ್ದು ಭಾರತ, ಅದರ ಗಡಿಯಿಂದ ಸುಮಾರು 1,500 ಕಿ.ಮೀ. ಆಚೆವರೆಗೆ. ಹಾಗಾಗಿ ನೀವು 36,000 ಕಿ.ಮೀ. ಎತ್ತರ ಆರಿಸ್ಕೊಂಡ್ರಿ. ಮೂರು ಸ್ಯಾಟಲೈಟ್ ಸಮಭಾಜಕದ ಮೇಲೆ ನಿಂತ ಜಾಗದಲ್ಲೇ ನಿಂತ ಹಾಗೆ, ಇನ್ನು ನಾಲ್ಕು 29 ಡಿಗ್ರಿ ಓರೆಯಾಗಿ, ದಿನಕ್ಕೊಂದು ಸಲ ಆಕಾಶದಲ್ಲಿ ಇಂಗ್ಲಿಷಿನ 8 ಬರೆಯೋ ಹಾಗೆ. ಇದರಲ್ಲಿರೋ ಜಾಣತನ ಏನಂದ್ರೆ ಏಳೂ ಸ್ಯಾಟಲೈಟ್ ದಿನದ 24 ಗಂಟೆ ನಮ್ಮ ಮಣ್ಣಿನಿಂದಲೇ ಕಾಣ್ತವೆ. ಯಾರ ದ್ವೀಪವೂ ಬೇಡ, ಯಾರ ಅಪ್ಪಣೆಯೂ ಬೇಡ, ಹಾಸನದಿಂದ, ಬೆಂಗಳೂರು ಹತ್ತಿರದ ಬ್ಯಾಲಾಳಿನಿಂದ, ಭೋಪಾಲಿನಿಂದ ನಡೆಸ್ಬಹುದು. ಸೈನ್ಯಕ್ಕೆ ಬೇಕಾದ ವ್ಯವಸ್ಥೆಗೆ ಇದಕ್ಕಿಂತ ಒಳ್ಳೆ ಗುಣ ಇನ್ನೇನಿದೆ?

ಇನ್ನೊಂದು ವಿಷಯ ನಮ್ಮ ಜನಕ್ಕೆ ಗೊತ್ತೇ ಇಲ್ಲ. ದಕ್ಷಿಣ ಭಾರತದ ಮೇಲಿರೋ ಅಯಾನುಗೋಳ, ಅಂದ್ರೆ ವಾತಾವರಣದ ಮೇಲಿನ ವಿದ್ಯುದಾವೇಶ ತುಂಬಿದ ಪದರ, ತುಂಬ ತುಂಟ, ಕಾಂತೀಯ ಸಮಭಾಜಕ ತುಂಬಾ ಹತ್ತಿರ ಇರೋದ್ರಿಂದ ಸೂರ್ಯ ಮುಳುಗಿದ ಮೇಲೆ ಅಲ್ಲಿ ಎಲೆಕ್ಟ್ರಾನ್‌ಗಳು ಕಲಕಿ ಹೋಗಿ ಸಿಗ್ನಲ್ ನಡುಗುತ್ತೆ, ತಡ ಆಗುತ್ತೆ. ಆ ತಡ ಎಷ್ಟು ಅನ್ನೋದು ಫ್ರೀಕ್ವೆನ್ಸಿ ಮೇಲೆ ನಿಂತಿದೆ, ಎರಡು ಬೇರೆ ಬೇರೆ ಫ್ರೀಕ್ವೆನ್ಸಿಲಿ ಕಳಿಸಿದ್ರೆ ವ್ಯತ್ಯಾಸ ನೋಡಿ ತಡವನ್ನ ಕಳೆದುಬಿಡಬಹುದು. ನೀವು 1176.45 ಮೆಗಾಹರ್ಟ್ಸ್ ಒಂದು, 2492.028 ಮೆಗಾಹರ್ಟ್ಸ್ ಇನ್ನೊಂದು ಅಂತ ಸಾಕಷ್ಟು ದೂರ ದೂರ ಇರೋದನ್ನ ಆರಿಸಿದ್ರಿ. ನಮ್ಮ ಆಕಾಶ ನೋಡಿ ಮಾಡಿದ ಡಿಸೈನ್ ಅದು, ನಕಲು ಅಲ್ಲ.

ಈಗ ಗಡಿಯಾರದ ವಿಷಯಕ್ಕೆ ಬರ್ತೀನಿ, ನೋವಿರೋದು ಅಲ್ಲೇ.

ಸ್ಯಾಟಲೈಟ್ ಮಾಡೋ ಕೆಲಸ ಮೇಲ್ನೋಟಕ್ಕೆ ಸುಲಭ, "ನಾನು ಇಲ್ಲಿದ್ದೀನಿ, ಈಗ ಟೈಮ್ ಇಷ್ಟು" ಅಂತ ಕೂಗ್ತಾ ಇರೋದು. ಆ ಕೂಗು ನಮಗೆ ಮುಟ್ಟೋಕೆ ಎಷ್ಟು ಹೊತ್ತಾಯ್ತು ಅಂತ ರಿಸೀವರ್ ನೋಡುತ್ತೆ, ಬೆಳಕಿನ ವೇಗದಿಂದ ಗುಣಿಸುತ್ತೆ, ದೂರ ಸಿಗುತ್ತೆ. 36,000 ಕಿ.ಮೀ. ಬರೋಕೆ ಸಿಗ್ನಲ್‌ಗೆ ಒಂದು ಸೆಕೆಂಡಿನ ಎಂಟನೇ ಒಂದು ಭಾಗವೂ ಬೇಡ. ಅಂಥಾದ್ರಲ್ಲಿ ಗಡಿಯಾರ ಒಂದು ಮೈಕ್ರೋಸೆಕೆಂಡ್ ತಪ್ಪಿದ್ರೆ ದೂರದಲ್ಲಿ 300 ಮೀಟರ್ ತಪ್ಪು, ಒಂದು ನ್ಯಾನೋಸೆಕೆಂಡ್ ತಪ್ಪಿದ್ರೆ 30 ಸೆಂಟಿಮೀಟರ್. ಐನ್‌ಸ್ಟೈನ್ ಕೂಡ ಇಲ್ಲಿ ಬರ್ತಾರೆ, ಜಿಪಿಎಸ್ ಸ್ಯಾಟಲೈಟಿನ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತೆ, ಅದನ್ನ ಸರಿ ಮಾಡದೆ ಬಿಟ್ರೆ ಒಂದೇ ದಿನದಲ್ಲಿ 11 ಕಿ.ಮೀ. ತಪ್ಪು ಸೇರ್ಕೊಳ್ಳುತ್ತೆ. ಇಷ್ಟು ಕರಾರುವಾಕ್ಕಾಗಿ ಟೈಮ್ ಹೇಳೋಕೆ ರುಬಿಡಿಯಂನಂಥ ಪರಮಾಣು ಗಡಿಯಾರ ಬೇಕು. ನಿಮ್ಮ ಮೊದಲ ಸಾಲಿನ ಒಂದೊಂದು ಸ್ಯಾಟಲೈಟ್‌ಗೂ ಮೂರು ಮೂರು ಇಟ್ಟಿದ್ರಿ, ಒಂದು ಕೈಕೊಟ್ರೆ ಇನ್ನೊಂದು ಇರಲಿ ಅಂತ. ಗಡಿಯಾರ ಪೂರ್ತಿ ನಿಂತ ಸ್ಯಾಟಲೈಟ್ ಸತ್ತಿರಲ್ಲ, ಸೋಲಾರ್ ಪ್ಯಾನಲ್ ಕರೆಂಟ್ ಕೊಡ್ತಿರುತ್ತೆ, ಹಾಸನದ ಮಾತು ಕೇಳ್ತಿರುತ್ತೆ, ಮೆಸೇಜೂ ಕಳಿಸ್ತಿರುತ್ತೆ, ಆದ್ರೆ ದಾರಿ ತೋರಿಸೋಕೆ ಬರಲ್ಲ.

2013ರ ಜುಲೈ 1ಕ್ಕೆ ಹೋದ ಮೊದಲನೇ ಸ್ಯಾಟಲೈಟ್ 1ಎ ದು ಹಾಗೇ ಆಯ್ತು, ಯುರೋಪಿನಿಂದ ತಂದ ಮೂರೂ ಗಡಿಯಾರ ನಿಂತುಹೋದ್ವು. ಅದರ ಜಾಗಕ್ಕೆ 2017ರ ಆಗಸ್ಟ್ 31ಕ್ಕೆ 1ಎಚ್ ಹೊರಟಿತು, ರಾಕೆಟ್‌ನ ಹೀಟ್ ಶೀಲ್ಡ್ ಬಿಚ್ಚಿಕೊಳ್ಳಲಿಲ್ಲ, ಸ್ಯಾಟಲೈಟ್ ಒಳಗೇ ಉಳೀತು. ಆ ಸಂಜೆ ನಾನು ಟಿವಿ ಮುಂದೆ ಕೂತಿದ್ದೆ, ಆ ಹಾಲ್‌ನಲ್ಲಿದ್ದವರ ಮುಖ ಮರೆಯೋಕಾಗಲ್ಲ. 2018ರ ಏಪ್ರಿಲ್‌ನಲ್ಲಿ 1ಐ ಹೋಗಿ ಆ ಜಾಗ ತುಂಬ್ತು. ಆಮೇಲೆ ಐದು ವರ್ಷ ಒಂದೂ ಹೋಗಲಿಲ್ಲ. 2023ರ ಮೇ 29ಕ್ಕೆ ಹೊಸ ತಲೆಮಾರಿನ ಮೊದಲ ಸ್ಯಾಟಲೈಟ್ ಎನ್‌ವಿಎಸ್-01 ಹೋಯ್ತು, ಅದರೊಳಗೆ ಅಹಮದಾಬಾದಿನ ನಿಮ್ಮ ಕೇಂದ್ರದಲ್ಲಿ ನಾವೇ ಮಾಡಿದ ರುಬಿಡಿಯಂ ಗಡಿಯಾರ ಇತ್ತು. ಪ್ರಪಂಚದಲ್ಲಿ ಇಂಥ ಗಡಿಯಾರ ಮಾಡೋಕೆ ಬರೋ ದೇಶಗಳು ಬೆರಳೆಣಿಕೆಯಷ್ಟು, ಆ ದಿನ ಕ್ಲಾಸಲ್ಲಿ ಅದರ ಬಗ್ಗೆ ಪೂರ್ತಿ ಒಂದು ಪೀರಿಯಡ್ ಮಾತಾಡಿದ್ದೆ. 2025ರ ಜನವರಿ 29ಕ್ಕೆ ಎನ್‌ವಿಎಸ್-02, ಶ್ರೀಹರಿಕೋಟಾದ ನೂರನೇ ಉಡಾವಣೆ, ಊರಿಗೆ ಊರೇ ಸ್ಟೇಟಸ್ ಹಾಕ್ಕೊಂಡಿತ್ತು. ರಾಕೆಟ್ ತನ್ನ ಕೆಲಸ ಸರಿಯಾಗೇ ಮಾಡ್ತು, ಆಮೇಲೆ ಸ್ಯಾಟಲೈಟ್‌ನ ಮೇಲಿನ ಕಕ್ಷೆಗೆ ಏರಿಸ್ಬೇಕಾದಾಗ ಇಂಧನ ಉರಿಯೋಕೆ ಬೇಕಾದ ಆಕ್ಸಿಡೈಸರ್ ಬಿಡೋ ವಾಲ್ವ್ ತೆರೀಲಿಲ್ಲ. ಅದನ್ನ ನೀವೇ ಜನಕ್ಕೆ ತಿಳಿಸಿದ್ರಿ, ಅದಕ್ಕೆ ನಿಮಗೆ ಕೈ ಮುಗೀತೀನಿ.

ಆದ್ರೆ ಒಟ್ಟು ಲೆಕ್ಕ ನಮಗೆ ಗೊತ್ತಾಗಿದ್ದು ಯಾವಾಗ? 2025ರ ಜುಲೈಯಲ್ಲಿ, ಸಂಸತ್ತಲ್ಲಿ ಯಾರೋ ಪ್ರಶ್ನೆ ಕೇಳಿದ ಮೇಲೆ. ಕಳಿಸಿದ್ದು 11, ದಾರಿ ತೋರಿಸೋ ಕೆಲಸ ಮಾಡ್ತಿರೋದು 4, ಬರೀ ಮೆಸೇಜ್ ಕಳಿಸೋಕೆ ಉಳಿದಿರೋದು 4, ನಿವೃತ್ತಿ ಆಗಿರೋದು 1, ಜಾಗ ಮುಟ್ಟದೇ ಇರೋದು 2. ಆ ಮೆಸೇಜ್ ಕಳಿಸೋ ಕೆಲಸವೂ ಸಣ್ಣದಲ್ಲ, ಮೀನುಗಾರರ ದೋಣಿಗೆ ಚಂಡಮಾರುತದ ಎಚ್ಚರಿಕೆ ಕೊಡೋಕೆ ಬಳಕೆ ಆಗುತ್ತೆ, ಮೊಬೈಲ್ ಸಿಗ್ನಲ್ ಇಲ್ಲದ ನಡು ಸಮುದ್ರದಲ್ಲಿ ಅದು ಜೀವ ಉಳಿಸೋ ವಿಷಯ. ಆದ್ರೂ ಆ ನಾಲ್ಕನ್ನ ಕಳಿಸಿದ್ದು ಅದಕ್ಕಲ್ಲವಲ್ಲ.

ಆ ಜುಲೈ ಲೆಕ್ಕದಲ್ಲಿ ದಾರಿ ತೋರಿಸೋ ಕೆಲಸಕ್ಕೆ ಉಳಿದಿದ್ದ ನಾಲ್ಕು ಯಾವುವು ನೋಡಿ. 1ಬಿ, 1ಎಫ್, 1ಐ, ಎನ್‌ವಿಎಸ್-01. ಹಾಸನದಲ್ಲಿ ನಿಂತು ನೋಡಿದ್ರೆ ಮೊದಲ ಮೂರೂ ಪಶ್ಚಿಮದ ಕಡೆ, ಒಂದು 32.5 ಡಿಗ್ರಿ ರೇಖಾಂಶದಲ್ಲಿ, ಎರಡು 55 ಡಿಗ್ರಿ ಆಸುಪಾಸಲ್ಲಿ 8 ಬರೀತಾ. ಎನ್‌ವಿಎಸ್-01 ಒಂದೇ ಪೂರ್ವದ ಕಡೆ. ನಾಲ್ಕು ಜನ ಸಾಕ್ಷಿ ಇದ್ದು ಮೂರು ಜನ ಒಂದೇ ಕಡೆ ನಿಂತು ನೋಡಿದ ಹಾಗೆ, ಅಂಥಾ ಜೋಡಣೆಯಲ್ಲಿ ಸಣ್ಣ ತಪ್ಪೂ ದೊಡ್ಡದಾಗುತ್ತೆ, ಇದು ನಿಮ್ಮ ಇಂಜಿನಿಯರ್‌ಗಳಿಗೆ ನನಗಿಂತ ನೂರು ಪಾಲು ಚೆನ್ನಾಗಿ ಗೊತ್ತು. ನಾಲ್ಕೇ ಸ್ಯಾಟಲೈಟ್ ಇದ್ರೆ ಇನ್ನೊಂದು ತೊಂದರೆ ಇದೆ. ನಮಗೆ ಗೊತ್ತಿಲ್ಲದ ಅಂಕೆ ನಾಲ್ಕು: ಉದ್ದ, ಅಗಲ, ಎತ್ತರ, ರಿಸೀವರಿನ ಸ್ವಂತ ಗಡಿಯಾರದ ತಪ್ಪು. ನಾಲ್ಕು ಸಮೀಕರಣಕ್ಕೆ ನಾಲ್ಕು ಸ್ಯಾಟಲೈಟ್ ಸರಿಹೋಯ್ತು, ಆದ್ರೆ ಅವುಗಳಲ್ಲಿ ಒಂದು ಸುಳ್ಳು ಹೇಳಿದ್ರೆ ಕಂಡುಹಿಡಿಯೋ ದಾರಿ ಇಲ್ಲ. ಐದಿದ್ರೆ ಯಾವುದೋ ಒಂದು ಸುಳ್ಳು ಹೇಳ್ತಿದೆ ಅಂತ ಗೊತ್ತಾಗುತ್ತೆ, ಆರಿದ್ರೆ ಯಾವುದು ಅಂತಲೂ ಗೊತ್ತಾಗುತ್ತೆ. ಹಿಮದಲ್ಲಿ ನಡೆಯೋ ಸೈನಿಕನ ಕೈಲಿರೋ ರಿಸೀವರ್‌ಗೆ ಈ ಅನುಮಾನ ಪಡೋ ಶಕ್ತಿ ಬೇಕು ಅಂತ ನನಗನ್ಸುತ್ತೆ.

ಇನ್ನು ತಾರೀಖು ನೋಡಿ. ಮೊದಲ ಸಾಲಿನ ಸ್ಯಾಟಲೈಟ್‌ಗಳಿಗೆ ನೀವು ಕೊಟ್ಟ ಆಯಸ್ಸು 10 ವರ್ಷ. 1ಬಿ ಹೋಗಿದ್ದು 2014ರ ಏಪ್ರಿಲ್ 4ಕ್ಕೆ, ಅದರ ಹತ್ತು ವರ್ಷ ಆಗಲೇ ಮುಗಿದಿದೆ, ಆದ್ರೂ ದುಡೀತಿದೆ. 1ಎಫ್ ಹೋಗಿದ್ದು 2016ರ ಮಾರ್ಚ್ 10ಕ್ಕೆ, ನಾನು ಇದನ್ನ ಬರೀತಿರೋದು 2026ರ ಜನವರಿಯಲ್ಲಿ, ಇನ್ನೆರಡು ತಿಂಗಳಿಗೆ ಅದಕ್ಕೂ ಹತ್ತು ತುಂಬುತ್ತೆ. ಜುಲೈನ ಉತ್ತರದಲ್ಲಿ 2025ರ ಕೊನೆಯೊಳಗೆ ಎನ್‌ವಿಎಸ್-03, ಆಮೇಲೆ ಆರಾರು ತಿಂಗಳಿಗೊಂದು ಅಂತ ಇತ್ತು. 2025 ಮುಗೀತು, ಎನ್‌ವಿಎಸ್-03 ಹೋಗಲಿಲ್ಲ. ತಡ ಆಗಿದ್ದಕ್ಕೆ ನಾನು ಕೇಳ್ತಿಲ್ಲ, ವಾಲ್ವ್ ತೆರೀದೆ ಹೋದ ಮೇಲೆ ಇನ್ನೊಂದನ್ನ ಪೂರ್ತಿ ಪರೀಕ್ಷೆ ಮಾಡದೆ ಅವಸರದಲ್ಲಿ ಕಳಿಸಿ ಅಂತ ಯಾವ ಬುದ್ಧಿ ಇರೋನೂ ಹೇಳಲ್ಲ. ಯಾಕೆ ತಡ, ಯಾವಾಗ ಹೊರಡುತ್ತೆ, ಅಲ್ಲಿವರೆಗೆ ಈ ನಾಲ್ಕರ ಗತಿ ಏನು, ಇದನ್ನ ಹೇಳ್ಬೇಕು ಅಂತ ಕೇಳ್ತಿದ್ದೀನಿ.

ರಷ್ಯಾದ ಕಥೆ ನೆನಪಿಗೆ ಬರುತ್ತೆ. ಅವರ ಗ್ಲೊನಾಸ್ ಕೂಡ ಸೈನ್ಯದ್ದೇ, 1982ರಲ್ಲಿ ಶುರು, 1995ರಲ್ಲಿ 24 ಸ್ಯಾಟಲೈಟ್ ತುಂಬಿ ಪೂರ್ತಿ ಆಯ್ತು. ಆಗಿನ ಅವರ ಸ್ಯಾಟಲೈಟ್‌ಗಳ ಆಯಸ್ಸು ಬರೀ ಮೂರು ವರ್ಷದಷ್ಟು, ಸೋವಿಯತ್ ಒಡೆದ ಮೇಲೆ ದುಡ್ಡಿರಲಿಲ್ಲ, ಹೋದದ್ದಕ್ಕೆ ಬದಲಿ ಕಳಿಸಲಿಲ್ಲ, 2001ರ ಹೊತ್ತಿಗೆ ಆರೇಳು ಉಳಿದಿತ್ತು. ಮತ್ತೆ 24 ತುಂಬೋಕೆ 2011 ಆಯ್ತು. ಕಟ್ಟಿದ್ದು ಕರಗೋಕೆ ಆರು ವರ್ಷ, ಮತ್ತೆ ಕಟ್ಟೋಕೆ ಹತ್ತು. ಅಮೆರಿಕದವರು ಉಲ್ಟಾ ಮಾಡ್ತಾರೆ, 24 ಜಾಗಕ್ಕೆ 30ರ ಮೇಲೆ ಸ್ಯಾಟಲೈಟ್ ಇಟ್ಕೊಂಡಿರ್ತಾರೆ, ಒಂದು ಹೋದ್ರೆ ನೆಲದ ಮೇಲಿರೋ ಯಾರಿಗೂ ಗೊತ್ತಾಗಲ್ಲ. ನಮ್ಮ ಹಳ್ಳಿ ಕಡೆ ಬೋರ್‌ವೆಲ್ ಮೋಟಾರ್ ಸುಟ್ಟ ಮೇಲೆ ಹೊಸ ಮೋಟಾರ್‌ಗೆ ಅರ್ಜಿ ಹಾಕಿದ್ರೆ ಅಷ್ಟರೊಳಗೆ ತೆಂಗಿನ ಸಸಿ ಒಣಗಿರುತ್ತೆ, ಬುದ್ಧಿವಂತ ರೈತ ಸ್ಪೇರ್ ಒಂದು ಮನೇಲಿಟ್ಕೊಂಡಿರ್ತಾನೆ.

ಈಗ ನನ್ನ ಮುಖ್ಯ ಬೇಡಿಕೆ. ನಾವಿಕ್‌ನ ಒಂದೊಂದು ಸ್ಯಾಟಲೈಟ್ ಇವತ್ತು ಹೇಗಿದೆ, ಯಾವುದು ಕೆಲಸದಲ್ಲಿದೆ, ಯಾವುದನ್ನ ಯಾವ ದಿನ ಯಾವ ಗಂಟೆಯಿಂದ ಯಾವ ಗಂಟೆವರೆಗೆ ನಿಲ್ಲಿಸ್ತೀರಿ, ಯಾವುದರ ಗಡಿಯಾರ ಬದಲಾಯಿಸಿದ್ರಿ, ಇದನ್ನ ದಿನಾ ಒಂದೇ ಜಾಗದಲ್ಲಿ, ಹುಡುಕಾಡದೆ ಸಿಗೋ ಹಾಗೆ, ಹಳ್ಳಿ ಹುಡುಗನಿಗೂ ಅರ್ಥ ಆಗೋ ಮಾತಲ್ಲಿ ಹಾಕಿ. ಕನ್ನಡದಲ್ಲೂ ಹಾಕಿ, ಬ್ಯಾಲಾಳು, ಹಾಸನ ಎರಡೂ ಕನ್ನಡದ ನೆಲದಲ್ಲೇ ಇವೆ, ಸ್ಯಾಟಲೈಟ್ ಕಟ್ಟೋದೂ ಬೆಂಗಳೂರಲ್ಲೇ.

ಇದು ದೇಶದ ಭದ್ರತೆ ವಿಷಯ, ಹೊರಗೆ ಹೇಳೋಕಾಗಲ್ಲ ಅಂತ ಯಾರಾದ್ರೂ ಹೇಳ್ತಾರೆ ಅಂತ ಗೊತ್ತು. ಅದಕ್ಕೆ ನನ್ನ ಉತ್ತರ ಕೇಳಿ. ನಾವಿಕ್‌ನಲ್ಲಿ ಎರಡು ಸೇವೆ ಇದೆ, ಒಂದು ಎಲ್ಲರಿಗೂ ತೆರೆದಿದ್ದು, ಇನ್ನೊಂದು ಗೂಢಲಿಪಿ ಹಾಕಿ ಸೈನ್ಯದಂಥ ಅಧಿಕೃತ ಬಳಕೆದಾರರಿಗೆ ಮಾತ್ರ ಕೊಡೋದು. ಆ ಗೂಢಲಿಪಿಯ ಕೀಲಿ ಗುಟ್ಟಾಗೇ ಇರ್ಲಿ, ಅದನ್ನ ಯಾರೂ ಕೇಳ್ತಿಲ್ಲ, ಕೇಳ್ಬಾರ್ದು ಕೂಡ. ಆದ್ರೆ ತೆರೆದ ಸಿಗ್ನಲ್ ಆಕಾಶದಿಂದ ಎಲ್ಲರ ಮೇಲೂ ಬೀಳುತ್ತೆ. ಗಡಿಯಾಚೆ ಇರೋನು ಒಂದು ಆಂಟೆನಾ, ಒಂದು ರಿಸೀವರ್ ಇಟ್ಕೊಂಡು ಕೂತ್ರೆ ಯಾವ ಸ್ಯಾಟಲೈಟ್ ಮಾತಾಡ್ತಿದೆ, ಯಾವುದು ಸುಮ್ಮನಾಯ್ತು, ಯಾವುದರ ಗಡಿಯಾರ ಅಲ್ಲಾಡ್ತಿದೆ ಅಂತ ಪ್ರತಿ ಸೆಕೆಂಡ್ ಬರ್ಕೋಬಹುದು. ಪ್ರಪಂಚದ ಎಷ್ಟೋ ಯೂನಿವರ್ಸಿಟಿಗಳಲ್ಲಿ ಸಂಶೋಧಕರು ಇದೇ ಕೆಲಸ ಮಾಡ್ತಾರೆ. ಶತ್ರುವಿಗೂ ಗೊತ್ತಿರೋ, ಹೊರದೇಶದ ಪ್ರೊಫೆಸರ್‌ಗೂ ಗೊತ್ತಿರೋ ವಿಷಯ ಹಾಸನದ ಹದಿನೇಳು ವರ್ಷದ ಹುಡುಗನಿಗೆ ಸಂಸತ್ತಿನ ಉತ್ತರ ಬರೋವರೆಗೂ ಗೊತ್ತಾಗಲಿಲ್ಲ ಅಂದ್ರೆ, ಆ ಗುಟ್ಟಿಂದ ಯಾರನ್ನ ದೂರ ಇಟ್ಟ ಹಾಗಾಯ್ತು?

ಜಿಪಿಎಸ್ ನಡೆಸೋದು ಸೈನ್ಯಕ್ಕೆ ಪ್ರಪಂಚದಲ್ಲೇ ಅತಿ ಹೆಚ್ಚು ಖರ್ಚು ಮಾಡೋ ದೇಶದ ಸೈನ್ಯ. ಆದ್ರೂ ಅವರ ಯಾವ ಸ್ಯಾಟಲೈಟ್ ಯಾವಾಗ ನಿಲ್ಲುತ್ತೆ ಅಂತ ಮುಂಚಿತವಾಗೇ ನೋಟಿಸ್ ಬರುತ್ತೆ, ಅಮೆರಿಕದ ಕೋಸ್ಟ್ ಗಾರ್ಡ್‌ನ ನ್ಯಾವಿಗೇಶನ್ ಕೇಂದ್ರ ಅದನ್ನ ಎಲ್ಲರಿಗೂ ಕಾಣೋ ಹಾಗೆ ಹಾಕುತ್ತೆ. ತಪ್ಪಾದಾಗಲೂ ಹೇಳ್ತಾರೆ. 2016ರ ಜನವರಿ 26ಕ್ಕೆ ಒಂದು ಹಳೇ ಸ್ಯಾಟಲೈಟ್‌ನ ಸೇವೆಯಿಂದ ತೆಗೀವಾಗ ತಪ್ಪು ಡೇಟಾ ಹೋಗಿ ಹಲವು ಸ್ಯಾಟಲೈಟ್‌ಗಳು ಕೊಡೋ ಟೈಮಲ್ಲಿ 13 ಮೈಕ್ರೋಸೆಕೆಂಡ್ ವ್ಯತ್ಯಾಸ ಆಯ್ತು, ಎಷ್ಟೋ ಕಡೆ ಟೈಮಿಂಗ್ ಉಪಕರಣಗಳು ಅಲಾರಂ ಹೊಡ್ಕೊಂಡವು, ವಾಯುಪಡೆಯೇ ಕಾರಣ ತಿಳಿಸ್ತು. ಯುರೋಪಿನ ಗೆಲಿಲಿಯೋ 2019ರ ಜುಲೈಯಲ್ಲಿ ಸುಮಾರು ಒಂದು ವಾರ ನಿಂತುಹೋಯ್ತು, ಅವರು ಸ್ವತಂತ್ರ ತನಿಖಾ ಮಂಡಳಿ ಮಾಡಿದ್ರು. 2017ರ ಜನವರಿಯಲ್ಲಿ ಅವರ ಗಡಿಯಾರಗಳು ಕೆಟ್ಟಾಗ ಒಂಬತ್ತು ನಿಂತಿವೆ ಅಂತ ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಮುಖ್ಯಸ್ಥರೇ ಪತ್ರಕರ್ತರಿಗೆ ಹೇಳಿದ್ರು. ಇದರಿಂದ ಅವರ ಮರ್ಯಾದೆ ಏನೂ ಹೋಗಲಿಲ್ಲ, ಜನ ಇನ್ನೂ ನಂಬಿ ಬಳಸ್ತಿದ್ದಾರೆ.

ನಂಬಿಕೆ ಯಾಕೆ ಬೇಕು ಅಂದ್ರೆ ನಾವಿಕ್ ಈಗ ಬರೀ ಸೈನ್ಯದ್ದಾಗಿ ಉಳಿದಿಲ್ಲ. 2019ರ ಏಪ್ರಿಲ್‌ನಿಂದ ಹೊಸ ಬಸ್ಸು, ಟ್ಯಾಕ್ಸಿಗಳಲ್ಲಿ ನಾವಿಕ್ ಹಿಡಿಯೋ ಟ್ರ್ಯಾಕರ್ ಇರ್ಬೇಕು ಅನ್ನೋ ನಿಯಮ ಬಂತು. ಫೋನ್ ಕಂಪನಿಗಳೂ ಒಂದೊಂದಾಗಿ ಸೇರಿಸ್ಕೊಂಡ್ವು, 2023ರಲ್ಲಿ ಐಫೋನ್ 15 ಪ್ರೋಗೂ ಬಂತು. ಹೊಸ ಎನ್‌ವಿಎಸ್ ಸ್ಯಾಟಲೈಟ್‌ಗಳಲ್ಲಿ ಜಿಪಿಎಸ್ ಬಳಸೋ ಅದೇ ಎಲ್1 ಬ್ಯಾಂಡ್ ನೀವು ಸೇರಿಸಿದ್ದು ಕಡಿಮೆ ಬೆಲೆಯ ಚಿಪ್‌ಗಳೂ ಹಿಡೀಲಿ ಅಂತಾನೇ, ಒಳ್ಳೆ ತೀರ್ಮಾನ. ಆದ್ರೆ ಒಂದು ಕಂಪನಿ ತನ್ನ ಚಿಪ್‌ನಲ್ಲಿ ನಾವಿಕ್ ಹಾಕ್ಬೇಕಾ ಅಂತ ಯೋಚಿಸುವಾಗ ಮೊದಲು ಕೇಳೋದು ಇದು ಇನ್ನು ಹತ್ತು ವರ್ಷ ಹೀಗೇ ಇರುತ್ತಾ ಅಂತ.

ಸ್ಪೂಫಿಂಗ್, ಅಂದ್ರೆ ಸುಳ್ಳು ಸಿಗ್ನಲ್ ಕಳಿಸಿ ಮೋಸ ಮಾಡೋದು, ಅದರ ಬಗ್ಗೆ ಎರಡು ಮಾತು. ಸ್ಯಾಟಲೈಟಿನ ಸಿಗ್ನಲ್ ನಮ್ಮನ್ನ ಮುಟ್ಟೋ ಹೊತ್ತಿಗೆ ಎಷ್ಟು ಸೊರಗಿರುತ್ತೆ ಅಂದ್ರೆ ರಿಸೀವರ್‌ನ ಸ್ವಂತ ಗದ್ದಲಕ್ಕಿಂತ ಕೆಳಗಿರುತ್ತೆ, ಕೋಡ್ ಗೊತ್ತಿರೋದ್ರಿಂದ ಮಾತ್ರ ಹೆಕ್ಕಿ ತೆಗೆಯೋಕಾಗುತ್ತೆ. ಜಾತ್ರೆ ಗಲಾಟೆಯಲ್ಲಿ ಅಮ್ಮನ ದನಿ ಗುರುತು ಹಿಡಿಯೋ ಮಗು ಥರ. ಅಂಥ ಸಿಗ್ನಲ್‌ನ ನೆಲದ ಮೇಲಿರೋ ಸಣ್ಣ ಪೆಟ್ಟಿಗೆಯೊಂದು ಮುಳುಗಿಸಿಬಿಡುತ್ತೆ, ಇಲ್ಲಾ ಅದರ ದನಿಯನ್ನೇ ಅನುಕರಣೆ ಮಾಡಿ ಸುಳ್ಳು ಜಾಗ ತೋರಿಸುತ್ತೆ. 2025ರ ಡಿಸೆಂಬರ್‌ನಲ್ಲಿ ವಿಮಾನಯಾನ ಸಚಿವರು ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ ದೆಹಲಿ ವಿಮಾನ ನಿಲ್ದಾಣದ ಹತ್ತಿರ ಜಿಪಿಎಸ್ ಸ್ಪೂಫಿಂಗ್ ಆಗಿದ್ದು ಒಪ್ಕೊಂಡ್ರು, ಅಡಚಣೆ ವರದಿಯಾದ ನಿಲ್ದಾಣಗಳಲ್ಲಿ ಬೆಂಗಳೂರಿನ ಹೆಸರೂ ಇತ್ತು. ಗೂಢಲಿಪಿಯ ಸೇವೆ ಇರೋದೇ ಇಂಥ ಅನುಕರಣೆ ಮೋಸ ತಡೆಯೋಕೆ. ಆದ್ರೆ ಗೂಢಲಿಪಿ ಎಷ್ಟೇ ಗಟ್ಟಿ ಇದ್ರೂ ಅದನ್ನ ಹೊತ್ತು ತರೋ ಸ್ಯಾಟಲೈಟ್ ಮೇಲಿದ್ರೆ ತಾನೇ.

ಕೊನೆಗೆ ನಮ್ಮೂರಲ್ಲಿ ಕೆಲಸ ಮಾಡೋರ ಬಗ್ಗೆ ಹೇಳಲೇಬೇಕು. ರಾಕೆಟ್ ಹಾರಿದ ದಿನ ಕ್ಯಾಮೆರಾ ಇರುತ್ತೆ, ಚಪ್ಪಾಳೆ ಇರುತ್ತೆ. ಆಮೇಲಿನ ಹತ್ತು ವರ್ಷ ಯಾರಿಗೂ ಕಾಣಲ್ಲ. ಸೂರ್ಯ ಚಂದ್ರರ ಸೆಳೆತಕ್ಕೆ ಸ್ಯಾಟಲೈಟ್ ದಿನಾ ಸ್ವಲ್ಪ ಸ್ವಲ್ಪ ಸರೀತಿರುತ್ತೆ, ಹಾಸನದಿಂದ ಕಮಾಂಡ್ ಕೊಟ್ಟು ಥ್ರಸ್ಟರ್ ಉರಿಸಿ ಜಾಗಕ್ಕೆ ತರ್ಬೇಕು, ಹಾಗೆ ಉರಿಸಿದಾಗ ಅದರ ಕಕ್ಷೆಯ ಲೆಕ್ಕ ಬದಲಾಗುತ್ತೆ, ಹೊಸ ಲೆಕ್ಕ ಸಿಗೋವರೆಗೂ "ಈಗ ನನ್ನನ್ನ ನಂಬಬೇಡಿ" ಅಂತ ಆ ಸ್ಯಾಟಲೈಟೇ ಸಾರ್ಬೇಕು. ದೇಶದಲ್ಲಿ ಅಲ್ಲಲ್ಲಿ ಇರೋ ಸ್ಟೇಷನ್‌ಗಳು ಅಳೆದದ್ದೆಲ್ಲ ಬ್ಯಾಲಾಳಿನ ಕೇಂದ್ರಕ್ಕೆ ಬರುತ್ತೆ, ಬೆಂಗಳೂರಿಂದ ಸುಮಾರು 40 ಕಿ.ಮೀ. ದೂರದ, ಸುತ್ತ ದಿಣ್ಣೆ ಇದ್ದು ರೇಡಿಯೋ ಗದ್ದಲ ಕಡಿಮೆ ಇರೋ ಬಟ್ಟಲಿನಂಥ ಜಾಗ ಅದು. ಅಲ್ಲಿ ಒಂದೊಂದು ಸ್ಯಾಟಲೈಟಿನ ಕಕ್ಷೆ, ಒಂದೊಂದು ಗಡಿಯಾರದ ತಪ್ಪು ಲೆಕ್ಕ ಹಾಕಿ ಮತ್ತೆ ಮೇಲಕ್ಕೆ ಕಳಿಸ್ತಾರೆ. ರಾತ್ರಿ, ಹಬ್ಬ, ಭಾನುವಾರ ಇಲ್ಲ. ಆಯಸ್ಸು ಮುಗಿದ 1ಬಿ ಇನ್ನೂ ದುಡೀತಿದೆ ಅಂದ್ರೆ ಇವರ ಕೈಗುಣ. ದಿನದ ಸ್ಥಿತಿ ಜನಕ್ಕೆ ಹೇಳೋಕೆ ಶುರು ಮಾಡಿದ್ರೆ ಇವರು ಮಾಡೋ ಕೆಲಸವೂ ಮೊದಲ ಸಲ ಜನಕ್ಕೆ ಕಾಣುತ್ತೆ.

ಹಾಗಾಗಿ ಇನ್ನೊಮ್ಮೆ ಕೇಳ್ತೀನಿ. ದಿನದ ಸ್ಥಿತಿ ಹಾಕಿ. ಮುಂದಿನ ಹತ್ತು ವರ್ಷಕ್ಕೆ ಯಾವ ಸ್ಯಾಟಲೈಟಿನ ಜಾಗಕ್ಕೆ ಯಾವುದು, ಯಾವಾಗ ಅಂತ ಒಂದು ವೇಳಾಪಟ್ಟಿ ಹಾಕಿ, ತಪ್ಪಿದ್ರೆ ಯಾಕೆ ಅಂತ ಬರೀರಿ. ಗಡಿಯಾರಗಳು ಯಾಕೆ ನಿಂತವು ಅಂತ ನಿಮ್ಮ ಒಳಗಿನ ತನಿಖೆಯಲ್ಲಿ ಸಿಕ್ಕಿದ್ದನ್ನ, ಹೇಳ್ಬಹುದಾದಷ್ಟು, ನಮ್ಮ ಕಾಲೇಜು ಯೂನಿವರ್ಸಿಟಿಗಳಿಗೆ ಕೊಡಿ, ಮುಂದಿನ ಗಡಿಯಾರ ಮಾಡೋ ಹುಡುಗರು ಅಲ್ಲೇ ಓದ್ತಿದ್ದಾರೆ. ಆಕಾಶದಲ್ಲಿ ಸ್ಪೇರ್ ಇಡೋಕೆ ದುಡ್ಡು ಬೇಕು ಅಂದ್ರೆ ಸರ್ಕಾರದ ಹತ್ರ ಧೈರ್ಯವಾಗಿ ಕೇಳಿ, ಲೆಕ್ಕ ಜನದ ಮುಂದೆ ಇದ್ರೆ ನಿಮ್ಮ ಪರ ಮಾತಾಡೋಕೆ ನಾವೂ ಇರ್ತೀವಿ. ರಕ್ಷಣಾ ಸಚಿವಾಲಯದವರಿಗೆ ಒಂದು ಮಾತು, ಸೈನಿಕರ ರಿಸೀವರ್ ಬಗ್ಗೆ ನಾನು ಏನೂ ಕೇಳಲ್ಲ, ಅದು ನಿಮ್ಮ ಗುಟ್ಟು, ಆದ್ರೆ ಆ ರಿಸೀವರ್ ನೋಡೋ ಆಕಾಶ ತುಂಬಿರೋ ಹಾಗೆ ಇಸ್ರೋ ಮೇಲೆ ಒತ್ತಡ ಹಾಕೋ ಹಕ್ಕು ಎಲ್ಲರಿಗಿಂತ ಹೆಚ್ಚು ಇರೋದು ನಿಮಗೇ.

ಈಗಿನ ಬ್ಯಾಚ್ ಪರೀಕ್ಷೆ ಬರೆದು ಹೋಗುತ್ತೆ. ಜೂನ್‌ನಲ್ಲಿ ಹೊಸ ಮಕ್ಕಳು ಬರ್ತಾರೆ, ಮಳೆ ಬಿಟ್ಟ ಮೇಲೆ ಅವರನ್ನೂ ತಾರಸಿಗೆ ಕರ್ಕೊಂಡು ಹೋಗ್ತೀನಿ. ಹೋಗೋಕೆ ಮುಂಚೆ ಬೋರ್ಡ್ ಮೇಲೆ ಆವತ್ತು ಕೆಲಸ ಮಾಡ್ತಿರೋ ನಾವಿಕ್ ಸ್ಯಾಟಲೈಟ್‌ಗಳ ಹೆಸರು ಬರೀಬೇಕು ಅಂತಿದ್ದೀನಿ. ಆ ಪಟ್ಟಿ ನಿಮ್ಮಿಂದ ಬರಲಿ ಅಂತ ಕಾಯ್ತಿರ್ತೀನಿ.

ಇಂತಿ ನಮಸ್ಕಾರಗಳೊಂದಿಗೆ,
ಹಾಸನದ ಒಬ್ಬ ಫಿಸಿಕ್ಸ್ ಟೀಚರ್